ಪಿಕಪ್‌ನ ಮುಂಭಾಗ ಎತ್ತಿಸುವ ಮುಂಚೆ ದಯವಿಟ್ಟು ಇದನ್ನು ಓದಿ

ಮಂಡ್ಯ, ಮೈಸೂರು ಕಡೆ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಪಿಕಪ್ ನೋಡುತ್ತಿರುವವರಿಗೆ, ಇರುವ ಗಾಡಿಯನ್ನು ಎತ್ತರ ಮಾಡಿಸಬೇಕು ಅಂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ಗಾಡಿಯ ಮುಂದಿನ ಬಲಚಕ್ರ ನಾಲೆ ಏರಿಯ ಮೇಲೆ ಜಾಯಿಂಟ್ ಕಳಚಿ ವಾಲಿತು. ಪಕ್ಕದ ಸೀಟಿನಲ್ಲಿ ನನ್ನ ತಮ್ಮನ ಮಗ ಕೂತಿದ್ದ. ಅವನಿಗೆ ಹನ್ನೊಂದು ವರ್ಷ.

ನಮ್ಮದು ಪಾಂಡವಪುರ ತಾಲ್ಲೂಕು. ಕೆಳಗಡೆ ನಾಲೆ ನೀರಿನ ಕಬ್ಬಿನ ಗದ್ದೆ, ಮೇಲುಕೋಟೆ ಬೆಟ್ಟದ ಕಡೆ ಒಂದಿಷ್ಟು ಕಲ್ಲು ಹೊಲ. ಎರಡು ಕಡೆಗೂ ಓಡಾಡುವಂಥ ಒಂದೇ ಗಾಡಿ ಬೇಕಿತ್ತು. ಗೊಬ್ಬರ, ಬಿತ್ತನೆ ಕಬ್ಬು ಹಾಕಬೇಕು, ಆಲೆಮನೆಯಿಂದ ಬೆಲ್ಲ ತರಬೇಕು, ಮನೆಯವರನ್ನು ಮೈಸೂರಿಗೆ ಕರೆದುಕೊಂಡು ಹೋಗಬೇಕು. ಹಾಗಾಗಿ ಹಳೆಯ ಡಬಲ್ ಕ್ಯಾಬಿನ್ ಪಿಕಪ್ ತಗೊಂಡೆ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಒಂದೊಂದು ಚಕ್ರವೂ ಬೇರೆ ಬೇರೆಯಾಗಿ ಏರಿ ಇಳಿಯುತ್ತದೆ. ಸ್ಪ್ರಿಂಗ್ ಬದಲು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಹಿಂದೆ ಮಾಮೂಲಿ ಹೌಸಿಂಗ್, ಅಂದರೆ ಎರಡೂ ಚಕ್ರಕ್ಕೆ ಸೇರಿ ಒಂದೇ ಗಟ್ಟಿ ಆಕ್ಸಲ್, ಪ್ಲೇಟ್ ಸ್ಪ್ರಿಂಗ್. ಟಾರ್ ರೋಡಿನಲ್ಲಿ ಕಾರಿನ ಹಾಗೆ ಹೋಗುತ್ತಿತ್ತು. ಮೊದಲ ಆರು ತಿಂಗಳು ನನಗೆ ಯಾವ ದೂರೂ ಇರಲಿಲ್ಲ.

ತೊಂದರೆ ಶುರುವಾದದ್ದು ಕಲ್ಲು ಹೊಲದ ದಾರಿಯಲ್ಲಿ. ಪಕ್ಕದ ಹೊಲದ ಮಾವನ ಹತ್ತಿರ ಹಳೆಯ ಎಂಎಂ 540 ಜೀಪಿದೆ. ಒಂದು ಕೊರಕಲಿನಲ್ಲಿ ಆ ಜೀಪು ನಾಲ್ಕು ಚಕ್ರವನ್ನೂ ನೆಲಕ್ಕೆ ಒತ್ತಿಕೊಂಡು ನಿಧಾನಕ್ಕೆ ಹತ್ತಿ ಹೋಗುತ್ತಿತ್ತು. ಅದೇ ಜಾಗದಲ್ಲಿ ನನ್ನ ಪಿಕಪ್ಪಿನ ಮುಂದಿನ ಒಂದು ಚಕ್ರ ಗಾಳಿಯಲ್ಲಿ ಎದ್ದು ಸುಮ್ನೆ ತಿರುಗುತ್ತಿತ್ತು. ನನ್ನ ಗಾಡಿ ಕುಳ್ಳ, ಅದಕ್ಕೇ ಹೀಗೆ ಅಂದುಕೊಂಡೆ. ಇಲ್ಲೇ ನಾನು ದಾರಿ ತಪ್ಪಿದ್ದು.

ನಿಜವಾದ ಕಾರಣ ಬೇರೆ. ಆ ಜೀಪಿನ ಮುಂದೆ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್ ಇದೆ. ಬಲಚಕ್ರ ಕಲ್ಲಿನ ಮೇಲೆ ಹತ್ತಿದರೆ ಆಕ್ಸಲ್ ಪೂರ್ತಿ ವಾಲುತ್ತದೆ, ಎಡಚಕ್ರವನ್ನು ಕೆಳಕ್ಕೆ ಒತ್ತುತ್ತದೆ. ತಕ್ಕಡಿ ಇದ್ದ ಹಾಗೆ. ಇಂಡಿಪೆಂಡೆಂಟ್‌ನಲ್ಲಿ ಒಂದು ಚಕ್ರಕ್ಕೂ ಇನ್ನೊಂದಕ್ಕೂ ಆ ಸಂಬಂಧ ಇಲ್ಲ. ಪ್ರತಿ ಚಕ್ರ ತನ್ನನ್ನು ಚಾಸಿಗೆ ಹಿಡಿದಿರುವ ತೋಳು, ಅಂದರೆ ಆರ್ಮ್, ಎಷ್ಟು ಬಿಡುತ್ತದೋ ಅಷ್ಟೇ ಇಳಿಯುತ್ತದೆ. ಅಲ್ಲಿಂದಾಚೆ ಗಾಳಿಯಲ್ಲೇ.

ಮೈಸೂರಿನ ಒಂದು ಗ್ಯಾರೇಜಿಗೆ ಹೋದೆ. ಹೆಸರು ಬೇಡ. ‘ಅಣ್ಣಾ, ಬಾರ್ ಟೈಟ್ ಮಾಡಿ ಮುಂದೆ 3 ಇಂಚು ಎತ್ತುತ್ತೀವಿ, ಹಿಂದಕ್ಕೆ ಬ್ಲಾಕ್ ಹಾಕ್ತೀವಿ, ದೊಡ್ಡ ಟೈರ್ ಹಾಕ್ಸಿ. ಆಮೇಲೆ ಯಾವ ಕಲ್ಲು ನಿಮ್ಮನ್ನ ತಡೀತದೆ?’ ಅಂದರು. ಕೆಲಸ ಅರ್ಧ ದಿನದ್ದು. ಟಾರ್ಷನ್ ಬಾರ್ ಇರುವ ಗಾಡಿಯನ್ನು ಎತ್ತುವುದು ಒಂದು ಬೋಲ್ಟ್ ತಿರುಗಿಸಿದಷ್ಟು ಸುಲಭ. ಅದಕ್ಕೇ ಇಷ್ಟು ಜನ ಇದಕ್ಕೆ ಬೀಳುತ್ತಾರೆ.

ಆ ಬೋಲ್ಟ್ ಏನು ಮಾಡುತ್ತದೆ ಅಂತ ನನಗೆ ಅಲ್ಲಿ ಯಾರೂ ಹೇಳಲಿಲ್ಲ. ಗಾಡಿ ಎತ್ತರವಾಗುವುದು ನಿಜ. ಆದರೆ ಆರ್ಮ್‌ಗಳು ನಿಂತ ಜಾಗದಲ್ಲೇ ಕೆಳಕ್ಕೆ ಇಳಿಬಿದ್ದಿರುತ್ತವೆ. ಗುಂಡಿ ಬಂದಾಗ ಚಕ್ರ ಇನ್ನೂ ಕೆಳಗೆ ಹೋಗಬೇಕಲ್ವಾ? ಹೋಗಲು ಜಾಗವೇ ಉಳಿದಿರುವುದಿಲ್ಲ. ಸಣ್ಣ ಹಳ್ಳಕ್ಕೂ ಆರ್ಮ್ ತನ್ನನ್ನು ತಡೆಯುವ ಸ್ಟಾಪರ್‌ಗೆ ಧಡ್ ಅಂತ ಬಡಿಯುತ್ತದೆ. ಚಕ್ರ ಮೊದಲಿಗಿಂತ ಬೇಗ ನೆಲ ಬಿಡುತ್ತದೆ. ನಾನು ಯಾವ ಕೊರತೆ ತುಂಬಿಸಲು ಹೋಗಿದ್ದೆನೋ, ಅದನ್ನೇ ದುಡ್ಡು ಕೊಟ್ಟು ಜಾಸ್ತಿ ಮಾಡಿಸಿಕೊಂಡು ಬಂದಿದ್ದೆ. ಅದೇ ಕೊರಕಲಿನಲ್ಲಿ ಮಾವ ನೋಡಿ, ‘ಏನ್ಲಾ ಇದು, ಕಾಲು ಸೆಟೆದು ನಿಂತಂಗೆ ನಿಂತೈತೆ’ ಅಂದರು. ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿಯಾಗಿತ್ತು.

ಒಂದು ತಿಂಗಳಲ್ಲಿ ಟೈರ್ ಒಂದೇ ಪಕ್ಕ ಸವೆಯಿತು. ಅಲೈನ್‌ಮೆಂಟ್ ಹುಡುಗ, ‘ಅಣ್ಣಾ, ಅಡ್ಜಸ್ಟ್ ಮಾಡೋಕೆ ಇನ್ನು ಜಾಗ ಇಲ್ಲ, ಗಾಡಿ ಇಳಿಸಿ’ ಅಂದ. ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಫೋರ್ ವೀಲ್ ಹಾಕಿ ಸ್ಟೇರಿಂಗ್ ತಿರುಗಿಸಿದರೆ ಟಕ್ ಟಕ್ ಸದ್ದು. ಅದು ಸಿವಿ ಜಾಯಿಂಟ್, ಚಕ್ರ ತಿರುಗಿದರೂ ಏರಿಳಿದರೂ ಅದಕ್ಕೆ ಎಂಜಿನ್ ಶಕ್ತಿ ಮುಟ್ಟಿಸುವ ಕೀಲು. ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಚಾಸಿಗೆ ಕೂತಿರುತ್ತದೆ, ಗಾಡಿ ಎದ್ದಂತೆ ಅದೂ ಮೇಲೆ ಹೋಗುತ್ತದೆ, ಚಕ್ರ ಮಾತ್ರ ಕೆಳಗೇ ಉಳಿಯುತ್ತದೆ. ನಡುವಿನ ಶಾಫ್ಟ್ ಓರೆಯಾಗುತ್ತದೆ. ಜಾಯಿಂಟ್ ಮೇಲಿನ ರಬ್ಬರ್ ಬೂಟ್ ಮಡಿಕೆ ಮಡಿಕೆಗೆ ಉಜ್ಜಿ ಹರಿಯುತ್ತದೆ. ಗ್ರೀಸ್ ಆಚೆ ಬರುತ್ತದೆ, ಗದ್ದೆ ಕೆಸರು ಒಳಗೆ ಹೋಗುತ್ತದೆ. ನನ್ನ ಗಾಡಿಯಲ್ಲಿ ಎರಡೂ ಕಡೆ ಹರಿದಿತ್ತು. ಅದನ್ನು ಬದಲಾಯಿಸಿದೆ, ಎತ್ತರ ಮಾತ್ರ ಇಳಿಸಲಿಲ್ಲ.

ಆ ಸಂಜೆ ಹಿಂದೆ ಬೆಲ್ಲ ಇತ್ತು, ತುಂಬಾ ಭಾರವೇನಲ್ಲ. ನಾಲೆ ಏರಿ ಮೇಲೆ ನಿಧಾನಕ್ಕೇ ಬರುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರ್ ಹೋಗಿ ಹೋಗಿ ಬಿದ್ದ ಹಳ್ಳಕ್ಕೆ ಬಲಚಕ್ರ ಇಳಿಯಿತು. ಧಡ್ ಅಂತ ಒಂದು ಸದ್ದು. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ತಿರುಗಿತು. ಬ್ರೇಕ್ ಒತ್ತಿದೆ. ಗಾಡಿ ನಿಂತಾಗ ಬಲಚಕ್ರ ವಾಲಿ ಮಡ್‌ಗಾರ್ಡಿಗೆ ಒತ್ತಿಕೊಂಡಿತ್ತು. ನಾಲೆ ಅಂಚು ಅಲ್ಲಿಂದ ನಾಲ್ಕೈದು ಅಡಿ. ಆರ್ಮ್ ತುದಿಗೆ ಚಕ್ರವನ್ನು ಸೇರಿಸುವ ಕೀಲು, ಮೇಲಿನ ಬಾಲ್ ಜಾಯಿಂಟ್, ಕಿತ್ತು ಬಂದಿತ್ತು. ಆರ್ಮ್ ಇಳಿಬಿದ್ದೇ ಇದ್ದುದರಿಂದ ಅದು ತಿಂಗಳುಗಟ್ಟಲೆ ತನ್ನ ಕೊನೆಯ ಮಿತಿಯಲ್ಲೇ ಕೆಲಸ ಮಾಡಿತ್ತು.

ನಮ್ಮ ಕಡೆಯವರಿಗೆ ನಾಲೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಆ ಬಸ್ಸಿನಲ್ಲಿ ಶಾಲೆ ಮಕ್ಕಳೂ ಇದ್ದರು. ಆ ಸಂಜೆ ಹುಡುಗನನ್ನು ಇಳಿಸಿಕೊಂಡು ಏರಿ ಮೇಲೆ ಕೂತಾಗ ನನಗೆ ಅದೊಂದೇ ನೆನಪಾಗುತ್ತಿತ್ತು.

ಆಮೇಲೆ ಇನ್ನೊಬ್ಬ ಮೆಕ್ಯಾನಿಕ್, ಇಂಡಿಪೆಂಡೆಂಟ್ ತೆಗೆದು ಜೀಪಿನ ಹೌಸಿಂಗ್ ಕೂರಿಸಿಕೊಡುತ್ತೇನೆ ಅಂದರು. ಇದಕ್ಕೂ ಹೋಗಬೇಡಿ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಅದನ್ನೇ ತೋರಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಸ್ಟೇರಿಂಗ್ ಲಿಂಕ್ ಕೋನ, ಬ್ರೇಕ್ ಪೈಪ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಲೆಕ್ಕ ಹಾಕಿ ಕೂರಿಸುವ ಕೆಲಸ ಅದು. ವೆಲ್ಡಿಂಗ್ ಬಂದರೆ ಸಾಲದು.

ಗಟ್ಟಿ ಆಕ್ಸಲ್ಲೇ ಬೇಕು ಅಂದರೆ ಫ್ಯಾಕ್ಟರಿಯಿಂದಲೇ ಹಾಗೆ ಬಂದ ಗಾಡಿ ತಗೊಳ್ಳಿ. ಎಂಎಂ 540, ಜಿಪ್ಸಿ, 2023ರಲ್ಲಿ ಇಲ್ಲಿ ಬಂದ ಐದು ಬಾಗಿಲಿನ ಜಿಮ್ನಿ, ಇವೆಲ್ಲ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಥಾರ್ ನೋಡಲು ಹಳೆ ಜೀಪಿನ ಹಾಗಿದೆ ಅಂತ ಮುಂದೆಯೂ ಗಟ್ಟಿ ಆಕ್ಸಲ್ ಅಂದುಕೊಂಡವರು ಬಹಳ ಜನ. ಅಲ್ಲ. 2010ರ ಥಾರ್‌ನ ಸಿಆರ್‌ಡಿಇ ಎಂಜಿನ್ ಮಾದರಿಯಲ್ಲೂ 2020ರದ್ದರಲ್ಲೂ ಮುಂದೆ ಇಂಡಿಪೆಂಡೆಂಟೇ. ಹೈಲಕ್ಸ್, ವಿ-ಕ್ರಾಸ್ ಪಿಕಪ್‌ಗಳೂ ಅಷ್ಟೇ. ಇದು ಅವುಗಳ ದೋಷ ಅಂತ ನಾನು ಹೇಳುತ್ತಿಲ್ಲ. ಟಾರ್ ರೋಡು, ಮಣ್ಣು ರೋಡು ಜಾಸ್ತಿ ಇರುವವರಿಗೆ ಅದೇ ಒಳ್ಳೆಯದು. ಮಾವನ ಜೀಪಿನಲ್ಲಿ ಮೈಸೂರಿಗೆ ಹೋಗಿ ಬಂದರೆ ಸೊಂಟ ಹಿಡಿಯುತ್ತದೆ. ಮುಂದಿನ ಚಕ್ರ ತಿರುಗಿಸುವ ಕೀಲುಗಳು, ಅಂದರೆ ಕಿಂಗ್‌ಪಿನ್, ಟೈ ರಾಡ್ ಎಂಡ್, ಸವೆದಿದ್ದರೆ ವೇಗದಲ್ಲಿ ಗುಂಡಿ ಹತ್ತಿದಾಗ ಇಡೀ ಸ್ಟೇರಿಂಗ್ ಗಡಗಡ ಒದರುತ್ತದೆ. ಟ್ರ್ಯಾಕ್ಟರ್ ಹಳ್ಳದ ನಡುವಿನ ದಿಬ್ಬಕ್ಕೆ ಅದರ ಡಿಫರೆನ್ಷಿಯಲ್ ಗುಂಡೇ ಮೊದಲು ತಗುಲುವುದು. ಸ್ಪ್ರಿಂಗ್ ಎಷ್ಟೇ ಎತ್ತಿಸಿದರೂ ಆ ಗುಂಡು ಮೇಲೆ ಹೋಗುವುದಿಲ್ಲ, ದೊಡ್ಡ ಟೈರ್ ಹಾಕಿದರೆ ಮಾತ್ರ. ದಿನವೂ ಕಲ್ಲು ಕೊರಕಲು ಹತ್ತುವವರಿಗೆ ಗಟ್ಟಿ ಆಕ್ಸಲ್ ಸರಿ. ನನ್ನ ಓಡಾಟದಲ್ಲಿ ಅಂಥ ದಾರಿ ವಾರಕ್ಕೆ ಎರಡು ಸಲ. ಆ ಎರಡು ಸಲಕ್ಕಾಗಿ ನಾನು ಗಾಡಿಯನ್ನು ಕೆಡಿಸಿದ್ದೆ.

ಈಗ ಪಿಕಪ್ಪನ್ನು ಕಂಪನಿ ಎತ್ತರಕ್ಕೇ ಇಳಿಸಿದ್ದೇನೆ. ಬಾಲ್ ಜಾಯಿಂಟ್, ಆರ್ಮ್ ಬುಷ್ ಎಲ್ಲ ಹೊಸದು. ಕೊರಕಲಿನಲ್ಲಿ ಮಾವನ ಜೀಪನ್ನೇ ಕೇಳುತ್ತೇನೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋದವರು ಗಾಡಿ ಕೆಳಗೆ ಮಲಗಿ ನೋಡಿ. ಟಾರ್ಷನ್ ಬಾರ್ ಬೋಲ್ಟ್ ಎರಡೂ ಕಡೆ ಒಂದೇ ಸಮ ಇದೆಯಾ, ಕೊನೆತನಕ ಬಿಗಿದಿದ್ದಾರಾ? ಆರ್ಮ್ ಕೆಳಗಿನ ಸ್ಟಾಪರ್‌ಗೆ ತೀರಾ ಹತ್ತಿರ ನಿಂತಿದೆಯಾ? ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿದೆಯಾ? ಒಂದು ಖಾಲಿ ಜಾಗದಲ್ಲಿ ಫೋರ್ ವೀಲ್ ಹಾಕಿ, ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಕಿಟಕಿ ಇಳಿಸಿ ನಿಧಾನಕ್ಕೆ ಓಡಿಸಿ, ಟಕ್ ಟಕ್ ಸದ್ದು ಬರುತ್ತದಾ ಕೇಳಿ. ಪಾಂಡವಪುರ ಸುತ್ತಮುತ್ತಲಿನವರು ಯಾರಾದರೂ ಗಾಡಿ ನೋಡಲು ಹೋಗುವುದಿದ್ದರೆ ಕರೆಯಿರಿ, ನಾನೇ ಬರುತ್ತೇನೆ. ಒಂದು ಟಾರ್ಚ್, ಹಾಸಿಕೊಳ್ಳಲು ಒಂದು ಗೋಣಿಚೀಲ ತನ್ನಿ ಸಾಕು.