ಮಾಜಿ ಯೋಧರಿಗೆ ನಾಟಕವೋ, ಕಿರುಚಿತ್ರವೋ?

ಕಾರವಾರದಲ್ಲೋ ಶಿರಸಿಯಲ್ಲೋ ನಿವೃತ್ತ ಸೈನಿಕರ ಅಭಿನಯ ಗುಂಪು ಕಟ್ಟುವವರಿಗೆ ಮೊದಲ ಗೊಂದಲ ಇದೇ.

ಯುದ್ಧದ ನೆನಪು ಕಾಡಿ ನಿದ್ದೆಗೆಟ್ಟು ಮನೆಯೊಳಗೇ ಉಳಿದವರಿಗೆ ನಾಟಕ ಮೇಲು. ಎಂಟು-ಹತ್ತು ಜನ, ವಾರಕ್ಕೆರಡು ದಿನ, ಒಂದೂವರೆ ತಾಸಿನ ತಾಲೀಮು. ನಿಗದಿತ ಹೊತ್ತು, ಪಕ್ಕದವನ ಮಾತಿಗೆ ಕಾಯುವ ಶಿಸ್ತು ಪಡೆಯಲ್ಲಿದ್ದವರಿಗೆ ಒಗ್ಗಿದ್ದೇ. ಕೆಡುವುದು ಸದ್ದಿನಲ್ಲಿ. ನಮ್ಮ ಕಡೆ ಯಕ್ಷಗಾನದ ಚಂಡೆ ತರುವ ಆಸೆ ಸಹಜ. ಬೆನ್ನ ಹಿಂದೆ ಏಕಾಏಕಿ ಪೆಟ್ಟು ಬಿದ್ದರೆ ಕೆಲವರು ಬೆವತು ನಿಂತುಬಿಡುತ್ತಾರೆ. ಚಂಡೆಯವರನ್ನು ಕಣ್ಣಿಗೆ ಕಾಣುವಂತೆ ಕೂರಿಸಿ, ಮೆಲ್ಲಗೆ ಶುರುಮಾಡಿಸಿ. ಬಾಗಿಲಿಗೆ ಬೆನ್ನು ಮಾಡಿ ಯಾರನ್ನೂ ನಿಲ್ಲಿಸಬೇಡಿ. ಸ್ವಂತ ಯುದ್ಧದ ಕಥೆಯಂತೂ ಆರಂಭಕ್ಕೆ ಬೇಡ. ಮೊದಲ ತಿಂಗಳು ಮೀನುಪೇಟೆಯ ಚೌಕಾಸಿ ಸಾಕು.

ಕಿರುಚಿತ್ರದಲ್ಲಿ ನಟಿಸಲು ಒಲ್ಲದವರಿಗೂ ಕೆಲಸವಿದೆ: ಮೈಕ್, ಬೆಳಕು, ಸಂಕಲನ. ಕಸುಬೊಂದು ಕೈಹತ್ತುತ್ತದೆ. ಆದರೆ ನೋವಿನ ದೃಶ್ಯಕ್ಕೆ ಹತ್ತು ಟೇಕ್ ಎಂದರೆ ಗಾಯ ಕೆರೆದಂತೆ, ಎರಡಕ್ಕೇ ನಿಲ್ಲಿಸಿ. ಹೊರಬಿಡುವ ಮುನ್ನ ಅವರಿಗೇ ತೋರಿಸಿ, ಒಪ್ಪಿಗೆ ಬರೆಸಿಕೊಳ್ಳಿ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಚಾಪಲ್ ಯುದ್ಧನೌಕೆಯ ಮುಂದೆ ಚಿತ್ರೀಕರಿಸುವ ಹುಮ್ಮಸ್ಸು ಎಲ್ಲರಿಗೂ. ಅಲ್ಲಿನ ಗಾಳಿ ಸಂಭಾಷಣೆಯನ್ನೇ ನುಂಗುತ್ತದೆ. ಕಾಲರ್ ಮೈಕಿಗೆ ತುಪ್ಪಳದ ಹೊದಿಕೆ ಬೇಕೇ ಬೇಕು. ಕದಂಬ ನೌಕಾನೆಲೆಯತ್ತ ಅನುಮತಿಯಿಲ್ಲದೆ ಕ್ಯಾಮೆರಾ ತಿರುಗಿಸಬೇಡಿ.

ಎರಡೂ ಚಿಕಿತ್ಸೆಗೆ ಬದಲಿಯಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ತಾಲೀಮಿನ ಗೋಡೆಯ ಮೇಲಿರಲಿ, ಕನ್ನಡದಲ್ಲೇ ಮಾತಾಡಬಹುದು.

ಜೂನ್‌ನಲ್ಲಿ ಶುರುಮಾಡುವವರು ಯೋಚಿಸಬೇಕಾದ್ದೇ ಇಲ್ಲ: ಸೆಪ್ಟೆಂಬರ್‌ವರೆಗೆ ಮಳೆ ಹೊರಾಂಗಣ ಚಿತ್ರೀಕರಣಕ್ಕೆ ಬಿಡುವುದಿಲ್ಲ. ನಾಟಕ ಹಿಡಿಯಿರಿ, ಕ್ಯಾಮೆರಾ ದೀಪಾವಳಿ ಪಟಾಕಿ ಮುಗಿದ ಮೇಲೆ.