ಬಿಕ್ಕಟ್ಟಿನ ದಿನಗಳಿಗೆ ವಿಕಿಪೀಡಿಯ ಎಷ್ಟು ನೆರವಾಗುತ್ತದೆ?

ಮಂಗಳೂರಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು, 2019ರ ಕರ್ನಾಟಕದ ರಾಜಕೀಯ ಬಿಕ್ಕಟ್ಟಿನಂತಹ ವಿಷಯಗಳಿಗೆ ವಿಕಿಪೀಡಿಯವನ್ನು ಬಳಸುವಾಗ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಲೇಖನವನ್ನು ಬರೆದು ತಿದ್ದುವ ಸಂಪಾದಕರು ಪರಸ್ಪರ ಚರ್ಚಿಸುವ ಚರ್ಚಾಪುಟ ಮತ್ತು ಲೇಖನದ ತಿದ್ದುಪಡಿಗಳ ಇತಿಹಾಸವನ್ನೇ. ಜುಲೈ 23ರ ವಿಶ್ವಾಸಮತದ ಪರ 99, ವಿರುದ್ಧ 105 ಮತಗಳು ಬಿದ್ದವೆಂಬುದು ನಿರ್ವಿವಾದ. ಆದರೆ ಶಾಸಕರ ರಾಜೀನಾಮೆಗೆ ಕಾರಣವೇನೆಂಬುದನ್ನು ಯಾರ ಮಾತಿನ ಆಧಾರದಲ್ಲಿ, ಎಷ್ಟು ವಿಸ್ತಾರವಾಗಿ ಬರೆಯಬೇಕೆಂಬಲ್ಲಿ ಸಂಪಾದಕರ ಒಮ್ಮತ ಕಷ್ಟ. ಇಂಗ್ಲಿಷ್ ಆವೃತ್ತಿಯಲ್ಲಿ ಒಬ್ಬರು ಒಂದೇ ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಇತರರ ತಿದ್ದುಪಡಿಯನ್ನು ರದ್ದುಪಡಿಸುವಂತಿಲ್ಲ; ಇದು ನನಗೆ ಬಹಳ ಮೆಚ್ಚುಗೆಯಾದ ನಿಯಮ. ಕನ್ನಡ ಆವೃತ್ತಿಯ ಕೊರತೆಯೆಂದರೆ ಸಂಪಾದಕರ ಅಭಾವ: ಪ್ರಶ್ನಿಸುವವರಿಲ್ಲದೆ ಏಕಪಕ್ಷೀಯ ವಾಕ್ಯವೊಂದು ಬಹುಕಾಲ ಉಳಿದುಬಿಡಬಹುದು. ಮಣಿಪಾಲ, ಮಂಗಳೂರುಗಳಿಂದ ಹೊರಡುವ ಪತ್ರಿಕೆಗಳ ವರದಿಗಳನ್ನು ಆಧಾರವಾಗಿ ಸೇರಿಸುವ ಕೆಲಸವನ್ನು ಕರಾವಳಿಯ ಓದುಗರು ದಯವಿಟ್ಟು ಕೈಗೆತ್ತಿಕೊಳ್ಳಬೇಕು.