ಕಿಡ್ನಿ ಕಸಿಯಾದವರ ಗಂಟಲು ನೋವಿಗೆ ಮಾಮೂಲಿ ಮಾತ್ರೆ ಬೇಡ

ನಮ್ಮ ಭಾವನವರಿಗೆ ಕಿಡ್ನಿ ಕಸಿಯಾಗಿದೆ. ಕಿಡ್ನಿ ಕೊಟ್ಟವಳು ಅಕ್ಕ. ಕಳೆದ ಮಳೆಗಾಲದಲ್ಲಿ ಅವರಿಗೆ ಗಂಟಲು ನೋವು ಕಾಣಿಸಿಕೊಂಡಾಗ ವಿಜಯನಗರದ ಮನೆಯ ಹತ್ತಿರದ ಕ್ಲಿನಿಕ್ಕಿಗೆ ಹೋದರು. ಕಸಿಯಾಗಿರುವುದನ್ನೂ ನುಂಗುವ ಮಾತ್ರೆಗಳ ಹೆಸರನ್ನೂ ಅಕ್ಕ ಹೇಳಿದಳು. ಅಲ್ಲಿನ ವೈದ್ಯರು ಬಾಯಿಗೆ ಟಾರ್ಚ್ ಕೂಡ ಹಾಕದೆ, ‘ಬೆಂಗಳೂರು ಹವಾ, ಎಲ್ಲರಿಗೂ ಇದೇ’ ಎಂದು ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಮತ್ತು ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಬರೆದುಕೊಟ್ಟರು.

ನೋವು ಇಳಿಯಲಿಲ್ಲ. ತಿಳಿಸಾರು ನುಂಗಿದರೂ ಎದೆಯ ನಡುವೆ ಉರಿಯುತ್ತಿತ್ತು, ಕೈ ನಡುಗಿ ಲೋಟದ ಕಾಫಿ ತಟ್ಟೆಗೆ ಚೆಲ್ಲುತ್ತಿತ್ತು. ಕಸಿ ಮಾಡಿದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ, ದೇಹ ಕಿಡ್ನಿಯನ್ನು ತಿರಸ್ಕರಿಸದಿರಲೆಂದು ನುಂಗುವ ಟ್ಯಾಕ್ರೋಲಿಮಸ್ ಎಂಬ ಔಷಧದ ಮಟ್ಟ ವಿಪರೀತ ಏರಿತ್ತು, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ಕೂಡ ಹೆಚ್ಚಾಗಿತ್ತು. ಯಕೃತ್ತು ಮತ್ತು ಕರುಳಿನಲ್ಲಿ ಟ್ಯಾಕ್ರೋಲಿಮಸ್ಸನ್ನು ಒಡೆದುಹಾಕುವ ಕಿಣ್ವವನ್ನು ಕ್ಲಾರಿಥ್ರೋಮೈಸಿನ್ ತಡೆಯುವುದರಿಂದ, ಎಂದಿನ ಡೋಸೇ ರಕ್ತದಲ್ಲಿ ಶೇಖರವಾಗಿ ಕಿಡ್ನಿಗೆ ವಿಷವಾಗುತ್ತದೆ. ಅದರ ಮೇಲೆ ಡೈಕ್ಲೋಫೆನಾಕ್ ಕಿಡ್ನಿಗೆ ಹರಿಯುವ ರಕ್ತವನ್ನೂ ತಗ್ಗಿಸುತ್ತದೆ.

ಇಷ್ಟಕ್ಕೂ ರೋಗ ಬೇರೆಯೇ ಆಗಿತ್ತು. ಅಂಗುಳಿನಲ್ಲಿ ಒಡೆದ ಹಾಲಿನ ಚೂರುಗಳಂಥ ಬಿಳಿ ಮಚ್ಚೆಗಳಿದ್ದು, ಒರೆಸಿದರೆ ಕೆಳಗೆ ಕೆಂಪಾಗಿ ರಕ್ತ ಜಿನುಗುತ್ತಿತ್ತು. ಇದು ಕ್ಯಾಂಡಿಡಾ ಎಂಬ ಶಿಲೀಂಧ್ರ. ಆರೋಗ್ಯವಂತರ ಬಾಯಲ್ಲೂ ಸುಮ್ಮನಿರುವ ಇದು, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಮಾತ್ರೆಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಹಬ್ಬುತ್ತದೆ. ಆಂಟಿಬಯಾಟಿಕ್ ಇದನ್ನು ಕೊಲ್ಲುವುದಿಲ್ಲ. ಇದನ್ನು ಹದ್ದುಬಸ್ತಿನಲ್ಲಿಡುವ ಬ್ಯಾಕ್ಟೀರಿಯಾಗಳನ್ನೇ ಕೊಂದು ಇನ್ನಷ್ಟು ಜಾಗ ಮಾಡಿಕೊಡುತ್ತದೆ. ಇಂಥ ಮಾತ್ರೆಗಳಲ್ಲೊಂದಾದ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಸೋಂಕಿದ್ದರೂ ಜ್ವರ ಬಾರದಿರಬಹುದು. ಭಾವನವರಿಗೂ ಬಂದಿರಲಿಲ್ಲ, ಕ್ಲಿನಿಕ್ಕಿನವರು ಧೈರ್ಯ ಹೇಳಿದ್ದೇ ಆ ಕಾರಣಕ್ಕೆ!

ನುಂಗುವಾಗ ನೋವಿದ್ದುದರಿಂದ ಎಂಡೋಸ್ಕೋಪಿ ಮಾಡಿ ಅನ್ನನಾಳದ ಚೂರು ತೆಗೆದು ಪರೀಕ್ಷಿಸಿದರು. ಸೈಟೋಮೆಗಲೋವೈರಸ್ ಅಥವಾ ಹರ್ಪಿಸ್ ವೈರಸ್ಸಿನ ಹುಣ್ಣುಗಳೂ ಇಂಥದೇ ನೋವು ಕೊಡುತ್ತವೆ, ಅವುಗಳ ಔಷಧ ಬೇರೆ. ಸಿಕ್ಕಿದ್ದು ಕ್ಯಾಂಡಿಡಾ ಮಾತ್ರ.

ಆದ್ದರಿಂದ ಕಸಿಯಾದವರಿಗೆ ಗಂಟಲು ಕೆರೆದರೂ ಮೊದಲ ಫೋನ್ ಕಸಿ ತಂಡಕ್ಕೆ ಹೋಗಲಿ. ಬೇರೆ ಯಾರೇ ಮಾತ್ರೆ ಬರೆದರೂ ಕಸಿ ತಂಡವನ್ನು ಕೇಳದೆ ನುಂಗಬೇಡಿ. ದೇವನಹಳ್ಳಿಯ ಚಕ್ಕೋತ ತಿನ್ನುವ ಆಸೆಯಿದ್ದರೂ ಬಿಡಬೇಕು, ಅದೂ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಬಲ್ಲದು. ಕ್ಯಾಂಡಿಡಾಕ್ಕೆ ಸರಿಯಾದ ಔಷಧವಾದ ಫ್ಲುಕೋನಜೋಲ್ ಕೂಡ ಅದನ್ನೇ ಮಾಡುತ್ತದೆ. ಹಾಗಾಗಿ ಅದನ್ನು ಕೊಡುವಾಗ ಟ್ಯಾಕ್ರೋಲಿಮಸ್ ಡೋಸ್ ತಗ್ಗಿಸಿ ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿದರು. ಫ್ಲುಕೋನಜೋಲ್ ನಿಲ್ಲಿಸಿದ ಮೇಲೆ ಮಟ್ಟ ಕುಸಿದು ದೇಹ ಕಿಡ್ನಿಯನ್ನು ತಿರಸ್ಕರಿಸಬಾರದೆಂದು ಪುನಃ ಪರೀಕ್ಷಿಸಿ ಡೋಸ್ ಏರಿಸಿದರು.